‘ಸ್ಪೆಕ್ಟ್ರಮ್’ ಎಲ್‌ಪಿ ಕೊಳ್ಳಲು ಹೊರಟವರಿಗೆ ಕಿವಿಮಾತು

ಡ್ರಮ್ಸ್ ಬಾರಿಸುವವರೇ ಮುಂದೆ ನಿಂತು ಮಾಡಿದ ಜಾಝ್ ಫ್ಯೂಷನ್ ಆಲ್ಬಮ್‌ಗಳಲ್ಲಿ ಒಂದನ್ನೇ ಮನೆಯಲ್ಲಿಟ್ಟುಕೊಳ್ಳಬಹುದು ಎಂದರೆ ನಾನು ಬಿಲ್ಲಿ ಕಾಬಮ್ ಅವರ ‘ಸ್ಪೆಕ್ಟ್ರಮ್’ ಹೆಸರು ಹೇಳುತ್ತೇನೆ. 1973ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಕಂಪನಿ ಹೊರತಂದ ಈ ಎಲ್‌ಪಿ ಐವತ್ತು ವರ್ಷ ದಾಟಿದ ಮೇಲೂ ಅಂಗಡಿಯಲ್ಲಿ ಹೊಸ ಅಚ್ಚಿನಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಕೇಳಿ ಮನಸೋತ ಹುಡುಗ ಹುಡುಗಿಯರು ‘ಯಾವ ಅಚ್ಚು ತಗೊಳ್ಳಲಿ’ ಎಂದು ಕೇಳಿಕೊಂಡು ಬರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದದ್ದನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಕೆಲವು ದುಡ್ಡು ಉಳಿಸುವ ಮಾತು, ಕೆಲವು ಕೇಳುವ ಬಗ್ಗೆ.

• ಮೊದಲು ಪೂರ್ತಿ ಕೇಳು. ಇಡೀ ಆಲ್ಬಮ್ ಇರುವುದು 37 ನಿಮಿಷದ ಆಸುಪಾಸು. ನಿನ್ನ ವಯಸ್ಸಿನ ಹೆಚ್ಚಿನವರು ಇದರ ಬಳಿಗೆ ಬರುವುದು ‘ಸ್ಟ್ರೇಟಸ್’ ಎಂಬ ಒಂದೇ ರಚನೆಯ ದಾರಿಯಲ್ಲಿ. 1991ರಲ್ಲಿ ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡ ಅದರ ಬೇಸ್ ಮತ್ತು ಡ್ರಮ್ಸ್ ತುಣುಕನ್ನು ಎತ್ತಿಕೊಂಡು ‘ಸೇಫ್ ಫ್ರಮ್ ಹಾರ್ಮ್’ ಹಾಡು ಕಟ್ಟಿತು. ಆ ದಾರಿ ತಪ್ಪಲ್ಲ. ಆದರೆ ಆ ಒಂದು ತುಣುಕಿಗಾಗಿ ಎಲ್‌ಪಿ ತಂದರೆ ಎರಡು ವಾರದಲ್ಲಿ ಅದು ಗೋಡೆಯ ಅಲಂಕಾರವಾಗುತ್ತದೆ. ‘ಲೆ ಲಿಸ್’ನಂಥ ಮೆತ್ತನೆಯ ರಚನೆಯೂ ನಿನಗೆ ಹಿಡಿಸಿತೇ ನೋಡಿಕೋ. ಹಿಡಿಸಿದರೆ ಧೈರ್ಯವಾಗಿ ದುಡ್ಡು ಹಾಕು.

• ಬಾರಿಸಿದವರು ಯಾರು, ಎಲ್ಲಿಂದ ಬಂದವರು ಎಂದು ತಿಳಿದುಕೊಂಡೇ ಕೇಳು. ಕಾಬಮ್ ಹುಟ್ಟಿದ್ದು 1944ರ ಮೇ 16ರಂದು, ಪನಾಮಾದಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಅಮೆರಿಕದ ಸೈನ್ಯದ ಬ್ಯಾಂಡಿನಲ್ಲಿ ನುಡಿಸಿ, ಆಮೇಲೆ ಹೊರೇಸ್ ಸಿಲ್ವರ್ ಅವರ ಜಾಝ್ ತಂಡ ಸೇರಿ, ಮೈಲ್ಸ್ ಡೇವಿಸ್ ಅವರ ಧ್ವನಿಮುದ್ರಣಗಳಲ್ಲಿ ಬಾರಿಸಿ, 1971ರಲ್ಲಿ ಜಾನ್ ಮ್ಯಾಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾಗೆ ಬಂದರು. ಆ ತಂಡದ ಹೆಸರು ನಮ್ಮ ಕಿವಿಗೆ ಮನೆಯ ಹೆಸರಿನ ಹಾಗೆ ಕೇಳಿಸುತ್ತದೆ. ‘ಮಹಾವಿಷ್ಣು’ ಎಂಬುದು ಮ್ಯಾಕ್‌ಲಾಫ್ಲಿನ್ ಅವರಿಗೆ ಗುರು ಶ್ರೀ ಚಿನ್ಮಯ್ ಕೊಟ್ಟ ಹೆಸರು. ಐದು ಜನರ ಆ ಮೊದಲ ತಂಡ ಒಡೆದದ್ದು 1973ರ ಕೊನೆಗೆ. ಒಳಗೆ ಬಿರುಕು ಬಿಡುತ್ತಿದ್ದ ಅದೇ ವರ್ಷದ ಮೇ 14ರಿಂದ 16ರವರೆಗೆ, ಜಿಮಿ ಹೆಂಡ್ರಿಕ್ಸ್ ನ್ಯೂಯಾರ್ಕ್‌ನಲ್ಲಿ ಕಟ್ಟಿಸಿದ್ದ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ, ಕಾಬಮ್ ತಮ್ಮ ಮೊದಲ ಸ್ವಂತ ಆಲ್ಬಮ್ ಧ್ವನಿಮುದ್ರಿಸಿದರು. ಕೊನೆಯ ದಿನ ಅವರಿಗೆ ಇಪ್ಪತ್ತೊಂಬತ್ತು ತುಂಬಿತು. ಅವರದು ವೃಷಭ ರಾಶಿ, ಒಂದು ರಚನೆಯ ಹೆಸರೂ ‘ಟಾರಿಯನ್ ಮ್ಯಾಟಡಾರ್’.

• ರಟ್ಟಿನ ಹಿಂಬದಿಯ ಹೆಸರುಗಳನ್ನು ಓದು. ಅದನ್ನು ಬಿಟ್ಟರೆ ಅರ್ಧ ಆಲ್ಬಮ್ ಬಿಟ್ಟ ಹಾಗೆ. ಗಿಟಾರ್ ಟಾಮಿ ಬೋಲಿನ್. ಆಗ ಇಪ್ಪತ್ತೊಂದು ವರ್ಷದ ರಾಕ್ ಹುಡುಗ, ಜಾಝ್ ಮನೆತನದವನಲ್ಲ. ಬೇಸ್ ಗಿಟಾರ್ ಲೀ ಸ್ಕ್ಲಾರ್, ಜೇಮ್ಸ್ ಟೇಲರ್ ಅವರ ಹಾಡುಗಳಿಗೆ ಬೇಸ್ ನುಡಿಸುತ್ತಿದ್ದವರು. ಕೀಬೋರ್ಡ್‌ಗೆ ಮಹಾವಿಷ್ಣು ತಂಡದ ಜೊತೆಗಾರ ಯಾನ್ ಹಾಮರ್. ಇನ್ನೆರಡು ರಚನೆಗಳಿಗೆ ರಾನ್ ಕಾರ್ಟರ್, ಜೋ ಫ್ಯಾರೆಲ್, ಜಿಮ್ಮಿ ಓವೆನ್ಸ್, ಜಾನ್ ಟ್ರೋಪಿಯಾ, ರೇ ಬರೆಟೊ ಬಂದಿದ್ದಾರೆ. ಮೊದಲ ತಂಡದಿಂದ ಬೆಂಕಿ, ಎರಡನೆಯ ತಂಡದಿಂದ ಗಾಳಿ. ಯಾರನ್ನು ಯಾವ ರಚನೆಗೆ ಕೂರಿಸಬೇಕು ಎಂದು ಯೋಚಿಸಿದವರು ಡ್ರಮ್ಸ್ ಹಿಂದೆ ಕುಳಿತವರೇ. ಎಲ್ಲ ರಚನೆಗಳೂ ಅವರವೇ. ಮೊದಲ ಸ್ವಂತ ಆಲ್ಬಮ್‌ನಲ್ಲಿ ಒಬ್ಬ ವಾದ್ಯಗಾರ ಇಷ್ಟು ಸರಿಯಾಗಿ ಜನರನ್ನು ಆರಿಸಿದ್ದು ನಾನು ಹೆಚ್ಚು ಕಂಡಿಲ್ಲ.

• ಮೃದಂಗವನ್ನೋ ತಬಲಾವನ್ನೋ ಕಲಿತ ಕೈ ನಿನ್ನದಾದರೆ ಈ ಮಾತು ನಿನಗೇ. ಕಚೇರಿಯಲ್ಲಿ ಮೃದಂಗದವರ ತೂಕ ತನಿ ಆವರ್ತನದಲ್ಲಿ ತಿಳಿಯುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ತಿಳಿದವರು ಕೃತಿಗೆ ಕೊಡುವ ನಡೆಯಲ್ಲಿ, ಹಾಡುಗಾರರು ಉಸಿರು ತೆಗೆದುಕೊಳ್ಳುವಾಗ ಬಿಡುವ ಜಾಗದಲ್ಲಿ ಅಳೆಯುತ್ತಾರೆ. ಇಲ್ಲಿಯೂ ಹಾಗೇ ಅಳೆ. ತನ್ನ ಹೆಸರಿನ ಆಲ್ಬಮ್ ಆದರೂ ಕಾಬಮ್ ಒಬ್ಬರೇ ಬಾರಿಸುವ ತುಣುಕುಗಳು ಪೀಠಿಕೆಯ ಹಾಗೆ ಬಂದು ಎರಡು ನಿಮಿಷದೊಳಗೆ ಮುಗಿಯುತ್ತವೆ. ‘ಸರ್ಚಿಂಗ್ ಫಾರ್ ದ ರೈಟ್ ಡೋರ್’ ಮುಗಿಯುತ್ತಿದ್ದ ಹಾಗೆ ‘ಸ್ಪೆಕ್ಟ್ರಮ್’ ಶುರು, ‘ಆಂಗ್ಸೈಟಿ’ ಮುಗಿದರೆ ‘ಟಾರಿಯನ್ ಮ್ಯಾಟಡಾರ್’. ‘ಸ್ಟ್ರೇಟಸ್’ನಲ್ಲಿ ಮೊದಲ ಮೂರು ನಿಮಿಷ ಮೋಡ ಕವಿದಂಥ ಸಿಂಥಸೈಜರ್ ಸದ್ದು, ಅದರೊಳಗೆ ಡ್ರಮ್ಸ್ ಗುಡುಗು. ಆಮೇಲೆ ಸ್ಕ್ಲಾರ್ ಅವರ ಬೇಸ್ ಒಂದು ಸಾಲನ್ನು ಹಿಡಿಯುತ್ತದೆ, ಬಿಡುವುದೇ ಇಲ್ಲ. ಅಲ್ಲಿಂದ ಕಾಬಮ್ ಎಡಗೈಯಲ್ಲಿ ಹೈ-ಹ್ಯಾಟ್ ಓಡಿಸುವುದನ್ನು ಗಮನಿಸು. ಹೆಚ್ಚಿನ ಡ್ರಮ್ಸ್ ವಾದಕರು ಬಲಗೈಯನ್ನು ಎಡಗೈಯ ಮೇಲೆ ಅಡ್ಡ ಹಾಯಿಸಿ ಹೈ-ಹ್ಯಾಟ್ ಬಾರಿಸುತ್ತಾರೆ. ಇವರು ಕೈ ಅಡ್ಡ ಹಾಕದೆ ತೆರೆದ ಕೈಯಲ್ಲೇ ನುಡಿಸುವವರು. ಬೋಲಿನ್ ಗಿಟಾರ್ ಮೇಲೇರಿದಂತೆಲ್ಲ ಸ್ನೇರ್ ಪೆಟ್ಟಿನ ಬಲ ಎಳ್ಳಷ್ಟೇ ಹೆಚ್ಚುತ್ತದೆ, ನಡೆ ಮಾತ್ರ ಕದಲುವುದಿಲ್ಲ. ಆ ಎಳ್ಳಷ್ಟು ಕೇಳಿಸಿದ ದಿನ ನಿನ್ನ ಕಿವಿ ತಯಾರಾಗಿದೆ ಎಂದು ತಿಳಿ.

• ಇನ್ನು ಅಚ್ಚಿನ ವಿಚಾರ. ಮರುಮುದ್ರಣ ಕೊಳ್ಳುವಾಗ ಅಂಗಡಿಯವನಿಗೆ ಎರಡು ಪ್ರಶ್ನೆ ಹಾಕು: ಯಾವ ಟೇಪಿನಿಂದ ಮಾಡಿದ್ದು? ಲ್ಯಾಕರ್ ಕೊರೆದವರು ಯಾರು? ಎಲ್‌ಪಿ ಆಗುವ ಬಗೆ ಹೀಗಿದೆ. ಸ್ಟುಡಿಯೋದ ಮೂಲ ಟೇಪನ್ನು ನುಡಿಸುತ್ತ ಒಂದು ಮೆದು ಲ್ಯಾಕರ್ ತಟ್ಟೆಯಲ್ಲಿ ಗೀರು ಕೊರೆಯುತ್ತಾರೆ. ಅದಕ್ಕೆ ಬೆಳ್ಳಿ, ಆಮೇಲೆ ನಿಕ್ಕಲ್ ಲೇಪಿಸಿ ಲೋಹದ ಪಡಿಯಚ್ಚು ತೆಗೆಯುತ್ತಾರೆ. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಕೊನೆಯದು ಬಿಸಿ ವಿನೈಲ್ ಮುದ್ದೆಯನ್ನು ಒತ್ತುವ ಅಚ್ಚು. ಕೊರೆಯುವವರು ಬೇಸ್ ಎಷ್ಟು ಬಿಟ್ಟರು, ಸಿಂಬಲ್ ಎಷ್ಟು ಹಿಡಿದರು ಎನ್ನುವುದರ ಮೇಲೆ ಡ್ರಮ್ಸ್ ಆಲ್ಬಮ್ ಬದುಕುವುದು ಸಾಯುವುದು. ಒಳ್ಳೆಯ ಕಂಪನಿ ಈ ಎರಡು ಉತ್ತರವನ್ನೂ ರಟ್ಟಿನ ಮೇಲೋ ಸ್ಟಿಕರ್ ಮೇಲೋ ಹೆಮ್ಮೆಯಿಂದ ಹಾಕಿಕೊಳ್ಳುತ್ತದೆ. ಏನನ್ನೂ ಹೇಳದೆ ‘ರೀಮಾಸ್ಟರ್ಡ್’ ಎಂದಷ್ಟೇ ಬರೆದಿದ್ದರೆ ಕಾಯಿ, ಬೇರೆಯವರು ಕೇಳಿ ಹೇಳುವವರೆಗೆ.

• ‘ಪೂರ್ತಿ ಅನಲಾಗ್’ ಎಂಬ ಮಾತೊಂದನ್ನೇ ನಂಬಿ ದುಪ್ಪಟ್ಟು ಬೆಲೆ ತೆರಬೇಡ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಹೆಸರಾಂತ ಸಂಸ್ಥೆ ತನ್ನ ಅನೇಕ ಎಲ್‌ಪಿಗಳ ತಯಾರಿಯಲ್ಲಿ ಡಿಜಿಟಲ್ ಹಂತ ಇದ್ದದ್ದನ್ನು 2022ರಲ್ಲಿ ಒಪ್ಪಿಕೊಂಡಿತು. ಅದಕ್ಕೂ ಮೊದಲು ವರ್ಷಗಟ್ಟಲೆ ಅದೇ ಎಲ್‌ಪಿಗಳನ್ನು ಅನಲಾಗ್ ಎಂದು ನಂಬಿ ತಲೆದೂಗಿದವರಲ್ಲಿ ನುರಿತ ಕಿವಿಗಳೂ ಇದ್ದವು. ಮುಚ್ಚಿಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಜಿಟಲ್ ಹಂತ ಇದ್ದ ಮಾತ್ರಕ್ಕೆ ಸದ್ದು ಕೆಡುವುದಿಲ್ಲ. ಅವಸರದ ಕೈ ಕೆಡಿಸುತ್ತದೆ, ಮೂರನೆಯ ತಲೆಮಾರಿನ ನಕಲು ಟೇಪು ಕೆಡಿಸುತ್ತದೆ.

• 180 ಗ್ರಾಂ ಎಂಬ ಸ್ಟಿಕರ್‌ಗೆ ಮರುಳಾಗಬೇಡ. ಹಳೆಯ ಎಲ್‌ಪಿಗಳು ಸಾಮಾನ್ಯವಾಗಿ 120ರಿಂದ 140 ಗ್ರಾಂ ತೂಗುತ್ತಿದ್ದವು, ಅವುಗಳಲ್ಲೇ ಅದ್ಭುತವಾಗಿ ನುಡಿಯುವ ಅಚ್ಚುಗಳಿವೆ. ದಪ್ಪ ಎಲ್‌ಪಿ ಗಟ್ಟಿ, ಅಷ್ಟೆ.

• ಲೇಬಲ್ ಮತ್ತು ಕೊನೆಯ ಗೀರಿನ ನಡುವಿನ ಖಾಲಿ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವ ಅಭ್ಯಾಸ ಮಾಡಿಕೋ. ಅಲ್ಲಿ ಅಚ್ಚಿನ ಸಂಖ್ಯೆ ಇರುತ್ತದೆ, ಎಷ್ಟೋ ಸಲ ಕೊರೆದವರ ಇನಿಷಿಯಲ್ಸ್ ಕೂಡ ಗೀಚಿರುತ್ತದೆ. ರಾಬರ್ಟ್ ಲುಡ್ವಿಗ್ ಕೊರೆದದ್ದಕ್ಕೆ ‘ಆರ್‌ಎಲ್’, ಬರ್ನಿ ಗ್ರಂಡ್ಮನ್ ಅವರದಕ್ಕೆ ‘ಬಿಜಿ’. ಹಳೆಯ ಎಲ್‌ಪಿ ಕೊಳ್ಳುವಾಗ ರಟ್ಟಿಗಿಂತ ಈ ಜಾಗ ಸತ್ಯ ಹೇಳುತ್ತದೆ, ಏಕೆಂದರೆ ರಟ್ಟು ಒಂದರದ್ದು, ಒಳಗಿನ ತಟ್ಟೆ ಇನ್ನೊಂದರದ್ದು ಆಗಿರಬಹುದು.

• 1973ರ ಮೊದಲ ಅಚ್ಚೇ ಬೇಕು ಎಂದು ಹಟ ಹಿಡಿಯಬೇಡ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ರಾಶಿ ಎಲ್‌ಪಿಗಳ ಮಧ್ಯೆ ಏನಾದರೂ ಸಿಕ್ಕರೆ ಅದೃಷ್ಟ, ತಗೋ. ಆದರೆ ವಿದೇಶದಿಂದ ತರಿಸುವಾಗ ದರ್ಜೆ ನೋಡು. ‘ವಿಜಿ ಪ್ಲಸ್’ (ವೆರಿ ಗುಡ್ ಪ್ಲಸ್) ದರ್ಜೆಗಿಂತ ಕೆಳಗಿನದ್ದನ್ನು ಈ ಆಲ್ಬಮ್‌ಗೆ ಬೇಡ ಎನ್ನುತ್ತೇನೆ. ‘ಸ್ಟ್ರೇಟಸ್’ ಶುರುವಿನ ತೆಳು ಸದ್ದಿನ ಮೇಲೆ ಚಿಟಪಟ ಬಂದರೆ ಆ ಮೂರು ನಿಮಿಷ ಹಾಳು. ಅಂಚೆ ವೆಚ್ಚ, ಸುಂಕ ಎಲ್ಲ ಕೂಡಿದರೆ ಹೊಸ ಮರುಮುದ್ರಣಕ್ಕಿಂತ ದುಬಾರಿಯಾಗುತ್ತದೆ. ಸವೆದ ಮೊದಲ ಅಚ್ಚಿಗಿಂತ ಚೆನ್ನಾಗಿ ಕೊರೆದ ಹೊಸ ಅಚ್ಚು ಮೇಲು. ಇದು ನನ್ನ ತೀರ್ಪು. ಸಂಗ್ರಹಕಾರರು ಒಪ್ಪದಿದ್ದರೆ ಒಪ್ಪದಿರಲಿ.

• ಹೊಸ ಎಲ್‌ಪಿಗೆ ಇಷ್ಟು ಬೆಲೆ ಯಾಕೆ ಎಂದು ಕೇಳುತ್ತೀಯ. ಲ್ಯಾಕರ್ ತಟ್ಟೆ ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿ ಎರಡೇ ಉಳಿದಿದ್ದವು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಬೆಂಕಿಗೆ ಆಹುತಿಯಾಯಿತು, ಜಪಾನಿನದ್ದೊಂದೇ ಉಳಿಯಿತು. ಇಷ್ಟು ಸಣ್ಣ ಉದ್ಯಮ ಇದು.

• ಕೈಗೆ ಬಂದ ದಿನವೇ ಪರೀಕ್ಷೆ ಮಾಡು. ಆನ್‌ಲೈನಿನಲ್ಲಿ ತರಿಸಿದ್ದಾದರೆ ಪೊಟ್ಟಣ ಬಿಚ್ಚುವಾಗಲೇ ಮೊಬೈಲಿನಲ್ಲಿ ವಿಡಿಯೋ ಹಿಡಿ. ತಿರುಗುವಾಗ ಅಂಚು ಮೇಲೆ ಕೆಳಗೆ ಕುಣಿಯುತ್ತಿದೆಯೇ, ನಡುವಿನ ತೂತು ಪಕ್ಕಕ್ಕೆ ಸರಿದು ಸ್ವರ ತೂಗಾಡುತ್ತಿದೆಯೇ, ಎಲ್ಲಾದರೂ ಬಟ್ಟೆ ಹರಿದಂಥ ಸದ್ದು ಬರುತ್ತಿದೆಯೇ ಎಂದು ಎರಡೂ ಬದಿ ಕೇಳು. ದೋಷವಿದ್ದರೆ ಸಂಕೋಚ ಬೇಡ, ಹಿಂದಿರುಗಿಸು. ಹೊಸದು ತಾನೆ, ನಡೆಯುತ್ತದೆ ಎಂದು ಸುಮ್ಮನಿರುವ ನಮ್ಮ ಸ್ವಭಾವ ಕೆಟ್ಟ ಅಚ್ಚು ಮಾಡುವವರಿಗೆ ಒಳ್ಳೆಯದಾಗಿದೆ.

• ಎರಡನೆಯ ಬದಿಯ ಕೊನೆಯ ರಚನೆ ‘ರೆಡ್ ಬ್ಯಾರನ್’. ನಿನ್ನ ಪ್ಲೇಯರಿನ ಯೋಗ್ಯತೆ ತಿಳಿಯುವುದು ಅಲ್ಲಿ. 33⅓ ಸುತ್ತಿನ ವೇಗದಲ್ಲಿ ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹರಿಯುತ್ತದೆ. ಲೇಬಲ್ ಹತ್ತಿರ ಬಂದಾಗ ಅದು ಸುಮಾರು 21ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಸಬೇಕು. ಜೊತೆಗೆ ಹತ್ತು ನಿಮಿಷಕ್ಕೆ ಹತ್ತಿರದ ‘ಸ್ಟ್ರೇಟಸ್’ ಇರುವ ಕಾರಣ ಎರಡನೆಯ ಬದಿ ಮೊದಲನೆಯದಕ್ಕಿಂತ ಉದ್ದ. ಹಾಗಾಗಿ ‘ರೆಡ್ ಬ್ಯಾರನ್’ ಇಕ್ಕಟ್ಟಿನಲ್ಲಿ ಕೂತಿದೆ. ಮುಳ್ಳು ಓರೆಯಾಗಿದ್ದರೆ, ಸವೆದಿದ್ದರೆ, ಸಿಂಬಲ್ ಸದ್ದು ‘ಸ್ಸ್’ ಎಂದು ಪುಡಿಯಾಗುತ್ತದೆ, ಎಲೆಕ್ಟ್ರಿಕ್ ಪಿಯಾನೋದ ಗಂಟೆಯಂಥ ನಾದ ಒಡೆಯುತ್ತದೆ. ಒಡೆದರೆ ಎಲ್‌ಪಿಯನ್ನು ಬಯ್ಯುವ ಮುಂಚೆ ಮುಳ್ಳಿರುವ ಕಾರ್ಟ್ರಿಡ್ಜ್ ಸರಿಯಾಗಿ ಕೂರಿಸಿ ನೋಡು. ಕಾರ್ಟ್ರಿಡ್ಜ್ ಕೂರಿಸಲು ಕಾಗದದ ಅಳತೆಪಟ್ಟಿ ಸಿಗುತ್ತದೆ. ಅರ್ಧ ಗಂಟೆ ತಾಳ್ಮೆ ಸಾಕು.

• ಸೂಟ್‌ಕೇಸ್ ಆಕಾರದ ಚೆಂದದ ಪ್ಲೇಯರ್‌ಗಳನ್ನು ಈ ಆಲ್ಬಮ್‌ಗೆ ಬಳಸಬೇಡ. ಅವುಗಳ ಮುಳ್ಳು ಭಾರ, ತೋಳು ಹಗುರ. ‘ಕ್ವಾಡ್ರಂಟ್ ಫೋರ್’ನ ಜೋಡಿ ಬೇಸ್ ಡ್ರಮ್ ಬಂದಾಗ ಮುಳ್ಳು ಹಾರಿದರೂ ಆಶ್ಚರ್ಯವಿಲ್ಲ. ತೋಳಿನ ಭಾರವನ್ನು ಹೊಂದಿಸಲು ಬರುವ ಸಾದಾ ಟರ್ನ್‌ಟೇಬಲ್, 2 ಗ್ರಾಂ ಆಸುಪಾಸಿನ ಭಾರದಲ್ಲಿ ಓಡುವ ಕಾರ್ಟ್ರಿಡ್ಜ್, ಒಂದು ಫೋನೋ ಪ್ರೀ-ಆಂಪ್. ಇಷ್ಟಿದ್ದರೆ ಆಯಿತು. ಫೋನೋ ಪ್ರೀ-ಆಂಪ್ ಬಿಡಬೇಡ. ಎಲ್‌ಪಿ ಕೊರೆಯುವಾಗ ಬೇಸ್ ಇಳಿಸಿ ತೀಕ್ಷ್ಣ ಸದ್ದು ಏರಿಸಿರುತ್ತಾರೆ, ಅದನ್ನು ತಿರುಗಿಸಿ ಸಮ ಮಾಡುವುದು ಅದರ ಕೆಲಸ. ಅದಿಲ್ಲದೆ ಕೇಳಿ ‘ಎಲ್‌ಪಿ ಸದ್ದು ಸಣ್ಣ’ ಎಂದು ಹೇಳುತ್ತ ತಿರುಗುವವರಿದ್ದಾರೆ.

• ಡ್ರಮ್ಸ್ ಆಲ್ಬಮ್ ತೀರ ಸಣ್ಣ ಸದ್ದಿನಲ್ಲಿ ಕೇಳಿದರೆ ಅರ್ಧವೂ ಸಿಗದು. ಹಗಲು ಹೊತ್ತು ಕೇಳು. ನೆರೆಮನೆಯವರಿಗೆ ಮೊದಲೇ ಹೇಳಿಡು. ಸ್ಪೀಕರ್ ಮತ್ತು ಟರ್ನ್‌ಟೇಬಲ್ ಒಂದೇ ಮೇಜಿನ ಮೇಲೆ ಬೇಡ, ಬೇಸ್ ಅದುರಿ ಮುಳ್ಳಿಗೆ ತಾಗುತ್ತದೆ.

• ನಮ್ಮ ಊರುಗಳ ಹವೆಗೆ ತಕ್ಕಂತೆ ಕಾಪಾಡು. ಬೆಂಗಳೂರಿನಲ್ಲಿ ಧೂಳು ಶತ್ರು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದ ತೇವ ಶತ್ರು. ರಟ್ಟಿನ ಮೇಲೆ ಬೂಷ್ಟು ಹಿಡಿದರೆ ಒಳಗಿನ ತಟ್ಟೆಗೂ ಹಬ್ಬುತ್ತದೆ. ಕಾಗದದ ಒಳಚೀಲ ಬಿಸಾಡಿ ಪ್ಲಾಸ್ಟಿಕ್ ಒಳಪದರದ್ದನ್ನು ಹಾಕು. ನೆಟ್ಟಗೆ ನಿಲ್ಲಿಸಿಡು, ಒಂದರ ಮೇಲೊಂದು ಮಲಗಿಸಬೇಡ. ಮಳೆಗಾಲದಲ್ಲಿ ಕಪಾಟಿಗೆ ಸಿಲಿಕಾ ಜೆಲ್ ಹಾಕು, ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ತೆರೆದಿಡು. ಎಲ್‌ಪಿಯನ್ನು ಬಿಸಿಲಿಗೆ ಒಡ್ಡಬೇಡ, ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಸ್ವಲ್ಪ ಹೊತ್ತು ಸಾಕು, ಹಪ್ಪಳದ ಹಾಗೆ ಏಳುತ್ತದೆ. ಪ್ರತಿ ಸಲ ಹಾಕುವ ಮುಂಚೆ ಕಾರ್ಬನ್ ಬ್ರಷ್ ಆಡಿಸು. ಒರೆಸಬೇಕಾದರೆ ಡಿಸ್ಟಿಲ್ಡ್ ನೀರು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ, ಗೀರಿನ ದಿಕ್ಕಿನಲ್ಲೇ ಕೈ. ನಲ್ಲಿ ನೀರು ಬೇಡ, ಅದರ ಸುಣ್ಣದಂಶ ಗೀರಿನಲ್ಲಿ ಕೂರುತ್ತದೆ.

• ಇದು ಹಿಡಿಸಿದರೆ ಮುಂದೆ ಏನು? 1974ರ ‘ಕ್ರಾಸ್‌ವಿಂಡ್ಸ್’ ಕಾಬಮ್ ಅವರದ್ದೇ, ಬ್ರೆಕರ್ ಸಹೋದರರು ಊದಿದ್ದಾರೆ. ಟೋನಿ ವಿಲಿಯಮ್ಸ್ ಅವರ 1969ರ ‘ಎಮರ್ಜೆನ್ಸಿ!’ ಈ ಹಾದಿಗೆ ಮೊದಲು ಕಾಲಿಟ್ಟದ್ದು. ಆದರೆ ಅದರ ಮೂಲ ಧ್ವನಿಮುದ್ರಣವೇ ಒರಟು, ಯಾವ ಮರುಮುದ್ರಣವೂ ಅದನ್ನು ನಯಗೊಳಿಸದು. ದುಬಾರಿ ಅಚ್ಚು ತರಬೇಡ.

• ಕೊಂಡು ಕೇಳಿದ ಮೇಲೆ ನಮ್ಮೂರಿನ ಆಲ್ಬಮ್ ಒಂದನ್ನು ಹುಡುಕು. 1964ರಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಆ ಕಾಲೇಜಿನ ತಂಡದಲ್ಲಿ ಆರ್.ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಇವರ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ಧ್ವನಿಮುದ್ರಿಸಿದರು. ಹೊರತಂದದ್ದು ಜರ್ಮನಿಯ ಇಸಿಎಂ ಕಂಪನಿ. ತಾಳವಾದ್ಯದವರು ಹಿಂದೆ ಕೂರದೆ ಸಂಗೀತವನ್ನು ಮುಂದೆ ನಿಂತು ನಡೆಸುವುದು ಎಂದರೆ ಏನು ಎಂಬುದಕ್ಕೆ ನಮ್ಮ ಮನೆಯಂಗಳದ ಉದಾಹರಣೆ ಇದು. ಬೆಂಗಳೂರಿನಲ್ಲೇ ಇದರ ಹೆಸರು ಕೇಳದ ಎಷ್ಟೋ ಜನ ಸಂಗೀತಪ್ರಿಯರು ಸಿಗುತ್ತಾರೆ. ನನಗೆ ಇದು ನೋವಿನ ವಿಷಯ.

• ಕಡೆಯದಾಗಿ ಒಂದು ಕೇಳಿಕೆ. ಯಾವ ಮರುಮುದ್ರಣವಾದರೂ ನಿಂತಿರುವುದು ಯಾರೋ ಟೇಪು ಕಾಪಾಡಿದ್ದರಿಂದ. 1978ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿ ಇದೇ ಅಟ್ಲಾಂಟಿಕ್ ಕಂಪನಿಯ ಟೇಪು ಉಗ್ರಾಣ ಸುಟ್ಟು ಸಾವಿರಾರು ಟೇಪುಗಳು ಬೂದಿಯಾದವು. ಅವುಗಳಲ್ಲಿ ಬೇರೆ ಪ್ರತಿ ಇಲ್ಲದ್ದನ್ನು ಈಗ ಯಾರೂ ಅಚ್ಚು ಮಾಡಲಾರರು. ನಮ್ಮ ಕಡೆ ಟೇಪು ಹಾಳಾಗಲು ಬೆಂಕಿಯೇ ಬೇಕಿಲ್ಲ, ಮನೆ ಬದಲಿಸುವ ದಿನ ಸಾಕು. ನಿಮ್ಮ ತಾತನದೋ ಸಂಗೀತದ ಮೇಷ್ಟ್ರದೋ ಸ್ಪೂಲ್ ಟೇಪು, ಕ್ಯಾಸೆಟ್ಟು ಅಟ್ಟದ ಮೇಲೆ ಇದ್ದರೆ ಗುಜರಿಗೆ ಹಾಕಬೇಡಿ. ಕೆಳಗಿಳಿಸಿ ಒಣ ಜಾಗದಲ್ಲಿಡಿ. ಬೂಷ್ಟು ಹಿಡಿದದ್ದನ್ನು ಮನೆಯ ಟೇಪ್ ರೆಕಾರ್ಡರಿಗೆ ಹಾಕಿ ಎಳೆಯಬೇಡಿ, ತಿಳಿದವರ ಕೈಗೆ ಕೊಟ್ಟು ಡಿಜಿಟಲ್ ಪ್ರತಿ ಮಾಡಿಸಿ. ಯಾರ ಕಚೇರಿ, ಯಾವ ಊರು, ಯಾವ ವರ್ಷ, ಪಕ್ಕವಾದ್ಯದಲ್ಲಿ ಯಾರಿದ್ದರು ಎಂಬುದನ್ನು ಗೊತ್ತಿರುವವರು ಬದುಕಿರುವಾಗಲೇ ಕೇಳಿ ಡಬ್ಬಿಯ ಮೇಲೆ ಬರೆಯಿರಿ. ಈ ಭಾನುವಾರವೇ ಮಾಡಿ.